ಬಿಡುವಿನ ವೇಳೆಗೊಂದು ಕಾದಂಬರಿ

ಮಳೆಗಾಲದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಕುಳಿತು ಕೇಳತಕ್ಕ ಕಾದಂಬರಿ ಯಾವುದೆಂದು ವಿಚಾರಿಸುವ ವಾಚಕರಿಗೆ ನಾವು ‘ಬೆಟ್ಟದ ಜೀವ’ವನ್ನೇ ಸೂಚಿಸುವೆವು. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರ ಈ ಗ್ರಂಥವು 1943ರಲ್ಲಿ ಪ್ರಕಟವಾಯಿತು. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಕಾಡುಮಲೆಗಳೇ ಇದರ ರಂಗಸ್ಥಳ. ಮೂರು ತಲೆಮಾರುಗಳ ‘ಮರಳಿ ಮಣ್ಣಿಗೆ’ ಹಿರಿದಾದ ಕೃತಿಯೆಂಬುದನ್ನು ಅಲ್ಲಗಳೆಯೆವು; ಆದರೆ ಅದು ದೀರ್ಘ ವಿರಾಮವನ್ನು ಬೇಡುವುದು. ‘ಬೆಟ್ಟದ ಜೀವ’ದಲ್ಲಿ ಘಟನೆಗಳೇ ಇಲ್ಲವೆಂದು ಕೆಲವರ ಆಕ್ಷೇಪ. ಕಾಡು ಕಡಿದು ತೋಟವೆಬ್ಬಿಸಿದ ಗೋಪಾಲಯ್ಯ, ಮಡದಿ ಶಂಕರಿ, ಮನೆ ಬಿಟ್ಟುಹೋದ ಮಗ—ಇಷ್ಟು ಸಾಲದೆ? ಸುಳ್ಯದ ಕಡೆಯ ಎಷ್ಟೋ ಅಡಕೆಯ ತೋಟಗಳಲ್ಲಿ ಇಂದು ಉಳಿದಿರುವವರು ವೃದ್ಧ ದಂಪತಿಗಳೇ. ಅಂಥದೊಂದು ಮನೆಯಲ್ಲಿ ನಾವಿದನ್ನು ಓದುತ್ತ, ಶಂಕರಿಯ ಅಳಲಿನ ಭಾಗ ಬಂದೊಡನೆ ಹಾಳೆ ಮಗುಚಲು ಅನುಮಾನಿಸಿದೆವು. “ನಿಲ್ಲಿಸಬೇಡಿ, ಅವರ ಮಗ ಬಂದನೆ?” ಎಂದು ಮನೆಯ ಅಜ್ಜಿ ಕೇಳಿದರು.