ತಿದ್ದುವ ಕೈ ನಿಂತಾಗ

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರ ಒಂದಕ್ಷರ ತಪ್ಪಿದರೆ ತಿದ್ದಲು ಪಂಡಿತನೊಬ್ಬನಿರಬೇಕು. ಅವನಿಲ್ಲದಿದ್ದರೆ ತಪ್ಪು ಪ್ರತಿಯಿಂದ ಪ್ರತಿಗೆ ಬೆಳೆದು, ಕಡೆಗೆ ಮೂಲಗ್ರಂಥದ ಗುರುತೇ ಸಿಗದಂತಾಗುತ್ತದೆ. ಮನುಷ್ಯನ ಒಡಲಿನಲ್ಲಿಯೂ ಇಂಥದೇ ಕೆಲಸ ಹಗಲಿರುಳು ನಡೆದಿದೆ. ಒಂದು ಜೀವಕೋಶ ಎರಡಾಗುವ ಮುನ್ನ ತನ್ನ 46 ವರ್ಣತಂತುಗಳಿಗೂ ಪ್ರತಿ ತೆಗೆಯಬೇಕು. ತಪ್ಪುಗಳನ್ನು ಕಂಡುಹಿಡಿದು ತಿದ್ದುವ ಕಾವಲೂ ಅಲ್ಲಿಯೇ ಉಂಟು.

ಆ ಕಾವಲು ಮುರಿದರೆ ಏನಾದೀತು? 1951ರ ಆರಂಭದಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಐದು ಮಕ್ಕಳ ತಾಯಿ ಹೆನ್ರಿಯೆಟ್ಟಾ ಲ್ಯಾಕ್ಸ್ ಬಂದಳು. ಅವಳಿಗಿದ್ದುದು ಗರ್ಭಕೊರಳಿನ ಕ್ಯಾನ್ಸರ್. ರೇಡಿಯಂ ಚಿಕಿತ್ಸೆ ನಡೆದರೂ ರೋಗ ಮೈಯಲ್ಲೆಲ್ಲ ಹರಡಿತು. ಅದೇ ಅಕ್ಟೋಬರಿನಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ ಅವಳು ಕಣ್ಮುಚ್ಚಿದಳು. ಅವಳ ಒಪ್ಪಿಗೆಯಿಲ್ಲದೆ ತೆಗೆದಿರಿಸಿದ್ದ ಗಡ್ಡೆಯ ಕೋಶಗಳು ಮಾತ್ರ ಸಾಯಲಿಲ್ಲ; ‘ಹೀಲಾ’ ಎಂಬ ಹೆಸರಿನಿಂದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಅವುಗಳಲ್ಲಿರುವ ವರ್ಣತಂತುಗಳು 46 ಅಲ್ಲ, ಎಂಬತ್ತರ ಸಮೀಪ! ಕೆಲವಂತೂ ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿವೆ.

ಈ ಅನರ್ಥದ ಮೂಲ ‘ಹ್ಯೂಮನ್ ಪ್ಯಾಪಿಲೋಮ’ ಎಂಬ ವೈರಸ್. ಈ ರೋಗಕ್ಕೆ ಅದೇ ಕಾರಣವೆಂದು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಟ್ಸುರ್ ಹೌಸನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ವೈರಸ್ಸಿನ ಒಂದು ಪ್ರೋಟೀನು ಕೋಶದ ಕಾವಲುಗಾರ ‘ಪಿ-53’ನ್ನು ನಾಶಮಾಡುತ್ತದೆ; ಇನ್ನೊಂದು, ಕೋಶ ಒಡೆಯುವ ವೇಗಕ್ಕಿರುವ ಕಡಿವಾಣವನ್ನೇ ಕಿತ್ತೆಸೆಯುತ್ತದೆ. ಮುಂದೆ ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗುತ್ತದೆ.

ವೈದ್ಯನಿಗೆ ಇದರಿಂದ ತಿಳಿಯಬೇಕಾದುದು ಎರಡು. ಬಲಿತ ಗಡ್ಡೆಯಲ್ಲಿ ಎಲ್ಲ ಕೋಶಗಳೂ ಒಂದೇ ಬಗೆಯವಲ್ಲ. ಔಷಧಕ್ಕೆ ಹಲವು ಸತ್ತರೂ, ಜಗ್ಗದ ಕೆಲವು ಉಳಿದು ಮತ್ತೆ ಬೆಳೆಯಬಲ್ಲವು. ಆದರೆ ಗಡ್ಡೆ ಬಲಿಯುವುದು ಒಂದು ದಿನದಲ್ಲಲ್ಲ. ಬಹುಮಂದಿ ಸ್ತ್ರೀಯರ ಮೈ ವೈರಸ್ಸನ್ನು ಒಂದೆರಡು ವರ್ಷಗಳಲ್ಲಿ ತಾನೇ ಹೊರದೂಡುತ್ತದೆ. ಅದು ನೆಲೆನಿಂತಾಗಲೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷಗಳು ಬೇಕು. ಈ ಅವಧಿಯಲ್ಲಿ ಕೆಟ್ಟ ಕೋಶಗಳು ಕಂಡುಬಂದರೆ ಸಣ್ಣ ಚಿಕಿತ್ಸೆಯಿಂದಲೇ ತೆಗೆದುಹಾಕಬಹುದು.

ಅದಕ್ಕೆಂದೇ ಹುಡುಗಿಯರಿಗೆ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ, ಹೆಂಗಸರಿಗೆ 30ರಿಂದ ವೈರಸ್ ಪರೀಕ್ಷೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಮಂದಿಯ ಕೆಮ್ಮು ನೆಗಡಿಗೆಲ್ಲ ಕಷಾಯ ಕಾಸುವ ಗೃಹಿಣಿ ತನ್ನ ಪರೀಕ್ಷೆಯನ್ನು ಮಾತ್ರ ನಾಚಿಕೆಯಿಂದಲೋ ಪುರುಸೊತ್ತಿಲ್ಲವೆಂದೋ ಮುಂದೂಡುತ್ತಾಳೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ. ಅವಳನ್ನು ಆಸ್ಪತ್ರೆಗೆ ಹೊರಡಿಸುವ ಹೊಣೆ ಮನೆಯ ಗಂಡಸರದೂ ಹೌದು.