ಸ್ವಾಮಿಯ ರಾಜಮ್

ಸ್ವಾಮಿ ರಾಜಮ್‌ನನ್ನು ಪ್ರೀತಿಸುತ್ತಿದ್ದ. ಕೊಡಗಿನ ಯಾವುದಾದರೂ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಹಿರಿಯರ ಮನೆಯ ಜಗಲಿಯಲ್ಲಿ, ನಾಲ್ಕು ಜನ ಕೂತಿರುವಾಗ ಈ ಮಾತು ಹೇಳಿದರೆ ಮೊದಲು ಯಾರೂ ಮಾತಾಡುವುದಿಲ್ಲ, ಆಮೇಲೆ ಒಬ್ಬರು ನಗುತ್ತಾರೆ. ನನ್ನ ದೊಡ್ಡಮ್ಮನ ಮಗ ನಗಲಿಲ್ಲ. ಸೈನ್ಯದಲ್ಲಿದ್ದು ಊರಿಗೆ ಮರಳಿದವನು ಅವನು. ‘ಹತ್ತು ವರ್ಷದ ಮಕ್ಕಳು ಮಾರಾಯ, ಗೆಳೆತನವನ್ನು ಗೆಳೆತನ ಅಂತಲೇ ಬಿಡೋದಕ್ಕೆ ನಿನಗೆಂತ ಕಷ್ಟ?’ ಎಂದು ಕೇಳಿದ. ಕೇಳಿದವನು ಅಣ್ಣ, ಕೇಳಿದ್ದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ನನ್ನ ಕೆಲಸ ಎಂದುಕೊಂಡು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಮಕ್ಕಳ ಮೇಲೆ ದೊಡ್ಡವರ ಆಸೆಗಳನ್ನು ಹೇರುವ ಮಾತು ಇದಲ್ಲ. ಸ್ವಾಮಿ ದೊಡ್ಡವನಾಗಿ ಏನಾದ ಎಂದು ಆರ್.ಕೆ. ನಾರಾಯಣ್ ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಒಬ್ಬ ಹುಡುಗ ಇನ್ನೊಬ್ಬ ಹುಡುಗನಿಗಾಗಿ ತನ್ನ ಇಡೀ ಪ್ರಪಂಚವನ್ನು ಅಳಿಸಿ ಬರೆದುಕೊಳ್ಳುವುದು ಆ ಕಥೆಯಲ್ಲಿದೆ. ಅದನ್ನು ನೋಡಿದಾಗ ಕೆಲವರ ಎದೆ ಬೇರೆಯವರಿಗಿಂತ ಜೋರಾಗಿ ಹೊಡೆದುಕೊಂಡಿತು. ಆ ಕೆಲವರಲ್ಲಿ ನಾನೊಬ್ಬ. ಗಂಡಸರನ್ನು ಪ್ರೀತಿಸುವ ಗಂಡಸು ನಾನು ಎಂದು ನನಗೆ ತಿಳಿಯುವುದಕ್ಕೆ ಬಹಳ ಮೊದಲೇ, ನನ್ನೊಳಗಿನ ತಳಮಳಕ್ಕೆ ಒಂದು ಮುಖ ಕಂಡದ್ದು ಆ ಕಥೆಯನ್ನು ತೋರಿಸಿದ ಟೀವಿ ಧಾರಾವಾಹಿಯಲ್ಲಿ.

‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದದ್ದು 1980ರ ದಶಕದ ಉತ್ತರಾರ್ಧದಲ್ಲಿ. ಶಂಕರ್‌ನಾಗ್ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಆದ್ದರಿಂದ ನಮಗೆ ಆ ಊರು ಬೇರೆಯವರ ಊರು ಎನಿಸಲೇ ಇಲ್ಲ. ಅದೇ ಹಂಚಿನ ಮಾಡು, ಅದೇ ಮಳೆಯ ಬೆಳಕು, ಅದೇ ಪಾಚಿ ಹಿಡಿದ ಗೋಡೆ. ಬೆಟ್ಟಗಳ ನಡುವೆ ಸಿಗ್ನಲ್ ಹಿಡಿಯುವುದೇ ಒಂದು ಸಾಹಸವಾಗಿತ್ತು. ತೋಟದ ಸಿಲ್ವರ್ ಮರದ ನೆತ್ತಿಗೆ ಆಂಟೆನಾ ಕಟ್ಟಿ, ಒಬ್ಬ ಮರದ ಮೇಲಿಂದ ‘ಬಂತಾ?’ ಎನ್ನಬೇಕು, ಒಳಗಿನಿಂದ ಇನ್ನೊಬ್ಬ ‘ಹೋಯ್ತು’ ಎನ್ನಬೇಕು.

ಮಾತು ಹಿಂದಿ. ನಮ್ಮ ಮನೆಯಲ್ಲಿ ಹಿಂದಿ ಬಲ್ಲವರು ಸೈನ್ಯದಿಂದ ನಿವೃತ್ತರಾದ ಮಾವ ಒಬ್ಬರೇ. ಅವರು ಅರ್ಥ ಬಿಡಿಸಿ ಹೇಳುವ ಹೊತ್ತಿಗೆ ದೃಶ್ಯ ಮುಂದೆ ಹೋಗಿರುತ್ತಿತ್ತು. ಹಾಗಾಗಿ ನಾವು ಮಕ್ಕಳು ಆ ಧಾರಾವಾಹಿಯನ್ನು ಕಣ್ಣಿನಲ್ಲಿ ಓದಿದೆವು. ಯಾರು ಯಾರ ಕಡೆ ನೋಡಿದರು, ಯಾರ ಪಕ್ಕ ಕೂತರು, ಯಾರು ಬಂದಾಗ ಯಾರ ನಡಿಗೆ ಬದಲಾಯಿತು, ಇವೇ ನಮಗೆ ಕಥೆ. ಕ್ವಿಯರ್ ಓದು ಎಂದು ಈಗ ವಿಶ್ವವಿದ್ಯಾಲಯಗಳಲ್ಲಿ ಏನನ್ನು ಕರೆಯುತ್ತಾರೋ ಅದರ ಮೊದಲ ಪಾಠ ನನಗೆ ಸಿಕ್ಕಿದ್ದು ಹೀಗೆ. ಪಾತ್ರಗಳು ಬಾಯಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ. ಹೇಳದೆ ಬಿಟ್ಟದ್ದು ತಪ್ಪದೆ ತಿಳಿಯಿತು.

ಮಾಲ್ಗುಡಿಯ ಒಟ್ಟು ಲೆಕ್ಕದಲ್ಲಿ ರಾಜಮ್ ಸಣ್ಣ ಪಾತ್ರ. ಪೊಲೀಸ್ ಸೂಪರಿಂಟೆಂಡೆಂಟರ ಮಗ, ಅಪ್ಪನ ವರ್ಗಾವಣೆಯ ಜೊತೆ ಊರಿಗೆ ಬರುತ್ತಾನೆ, ಇನ್ನೊಂದು ವರ್ಗಾವಣೆಯ ಜೊತೆ ಹೊರಟುಹೋಗುತ್ತಾನೆ. ಚಂದದ ಬಟ್ಟೆ, ಒಳ್ಳೆಯ ಇಂಗ್ಲಿಷು, ಯಾರಿಗೂ ಹೆದರದ ಕಣ್ಣು. ಮಡಿಕೇರಿಯಲ್ಲಿ ಓದಿದವರಿಗೆ ಇಂಥ ಹುಡುಗರ ಪರಿಚಯ ಇದ್ದೇ ಇರುತ್ತದೆ. ಜಿಲ್ಲಾ ಕೇಂದ್ರವಾದದ್ದರಿಂದ ಪೊಲೀಸ್, ಅರಣ್ಯ, ಕಂದಾಯ ಇಲಾಖೆಗಳ ಅಧಿಕಾರಿಗಳು ಬರುತ್ತಾ ಹೋಗುತ್ತಾ ಇರುತ್ತಾರೆ. ಅವರ ಮಕ್ಕಳು ತರಗತಿಯ ಮೊದಲ ಬೆಂಚಿನಲ್ಲಿ ಒಂದೆರಡು ವರ್ಷ ಕೂತು, ಆಮೇಲೆ ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೀಟಾಗುತ್ತಾರೆ. ನನಗೂ ಅಂಥ ಒಬ್ಬನಿದ್ದ. ಅವನ ಹೆಸರು ಇಲ್ಲಿ ಬೇಡ. ಅವನ ಕೈಬರಹವನ್ನು ನಕಲು ಮಾಡಿ ಮಾಡಿ ನನ್ನ ಅಕ್ಷರವೇ ಅವನದಾಯಿತು; ಈಗಲೂ ಬ್ಯಾಂಕಿನಲ್ಲಿ ಸಹಿ ಹಾಕುವಾಗ ಆ ‘ರ’ ಅವನದೇ.

ಮೂಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಕಾಲೇಜಿನಲ್ಲಿ ಅದನ್ನು ಓದಿದಾಗ ಎರಡು ಕಡೆ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಮೊದಲನೆಯದು ರಾಜಮ್ ಸ್ವಾಮಿಯ ಮನೆಗೆ ಬರುವ ದಿನ. ಹುಡುಗನ ಚಡಪಡಿಕೆ ನೋಡಬೇಕು. ಕೂರಿಸುವುದಕ್ಕೆ ಅಪ್ಪನ ಕೋಣೆ ಬೇಕು, ತಿಂಡಿ ಚೆನ್ನಾಗಿರಬೇಕು, ಅಡುಗೆಯವನು ಕೊಳೆ ಪಂಚೆಯಲ್ಲಿ ಎದುರಿಗೆ ಬರಬಾರದು, ಅಜ್ಜಿ ಬಂದು ಮರ್ಯಾದೆ ತೆಗೆಯಬಾರದು. ತನ್ನ ಮನೆಯನ್ನು ತಾನೇ ಮೊದಲ ಸಲ ಇನ್ನೊಬ್ಬನ ಕಣ್ಣಿನಿಂದ ನೋಡುವುದು, ನೋಡಿ ನಾಚುವುದು. ಹುಡುಗಿಯನ್ನು ಮನೆಗೆ ಕರೆತರುವ ಹುಡುಗನ ಬಗ್ಗೆ ಇದನ್ನೇ ಬರೆದಿದ್ದರೆ ಏನೆಂದು ಓದುತ್ತಿದ್ದೆವು? ಯಾರೂ ತಡವರಿಸುತ್ತಿರಲಿಲ್ಲ.

ಎರಡನೆಯದು ಶಾಲೆಯಲ್ಲಿ ಅವನಿಗೆ ಬೀಳುವ ಅಡ್ಡಹೆಸರು. ಸದಾ ರಾಜಮ್ ಹಿಂದೆ ತಿರುಗುತ್ತಾನೆಂದು ಹಳೆಯ ಗೆಳೆಯರು ಸ್ವಾಮಿಯನ್ನು ರಾಜಮ್‌ನ ಬಾಲ ಎಂದು ಕರೆಯುತ್ತಾರೆ, ಅವನೊಡನೆ ಮಾತು ಬಿಡುತ್ತಾರೆ. ಸ್ವಾಮಿಗೆ ಅದು ಎಷ್ಟು ಕುಟುಕುತ್ತದೆಂದರೆ ಶಾಲೆಯೇ ಬೇಡವೆನಿಸುತ್ತದೆ. ವಿಮರ್ಶಕರು ಇದನ್ನು ಮಕ್ಕಳಾಟವೆಂದು ದಾಟಿಹೋಗುತ್ತಾರೆ. ನನಗೆ ಹಾಗೆ ದಾಟಲಾಗುವುದಿಲ್ಲ. ಇಬ್ಬರ ನಡುವಿನ ಅಂಟು ಎಷ್ಟಿರಬೇಕು ಎಂಬ ಅಳತೆ ತರಗತಿಯ ಮಕ್ಕಳಿಗೆ ಹೇಗೋ ಗೊತ್ತಿರುತ್ತದೆ. ಅಳತೆ ಮೀರಿದರೆ ಹೆಸರಿಡುತ್ತಾರೆ. ನನಗೆ ಇಟ್ಟ ಹೆಸರು ಇದಕ್ಕಿಂತ ಹೊಲಸಾಗಿತ್ತು. ಕ್ವಿಯರ್ ಓದನ್ನು ದೊಡ್ಡವರು ಎಲ್ಲಿಂದಲೋ ತಂದು ಕಥೆಗೆ ಅಂಟಿಸುತ್ತಾರೆ ಎನ್ನುವವರಿಗೆ ನಾನು ಈ ಅಧ್ಯಾಯ ತೋರಿಸುತ್ತೇನೆ. ಮೊದಲು ಗಮನಿಸಿದ್ದು ಕಥೆಯೊಳಗಿನ ಆ ಹುಡುಗರೇ. ಅವರು ಅದನ್ನು ಗೇಲಿಯಿಂದ ಓದಿದರು, ನಾನು ಅಕ್ಕರೆಯಿಂದ ಓದುತ್ತೇನೆ, ಅಷ್ಟೇ ವ್ಯತ್ಯಾಸ.

ದೂರದ ದೇಶದ ಒಂದು ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅಮೆರಿಕದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ 1993ರಲ್ಲಿ ಶುರುವಾದ ಧಾರಾವಾಹಿ. ಅದರಲ್ಲಿ ಬಶೀರ್ ಎಂಬ ಯುವ ವೈದ್ಯ ಮುಖ್ಯ ಪಾತ್ರ. ಗ್ಯಾರಕ್ ಎಂಬ ದರ್ಜಿ ಆಗಾಗ ಬಂದುಹೋಗುವವನು, ಗಡಿಪಾರಾದ ಗೂಢಚಾರ. ಮೊದಲ ಭೇಟಿಯಲ್ಲೇ ಗ್ಯಾರಕ್ ಬಂದು ಆ ಹುಡುಗನ ಹೆಗಲ ಮೇಲೆ ಕೈಯಿಡುವ ರೀತಿಗೆ ಸಾವಿರಾರು ಮೈಲಿ ದೂರದ ಪ್ರೇಕ್ಷಕರು ಕಣ್ಣರಳಿಸಿದರು. ಆ ಪಾತ್ರ ಮಾಡಿದ ಆಂಡ್ರ್ಯೂ ರಾಬಿನ್ಸನ್, ಗ್ಯಾರಕ್‌ಗೆ ಆ ವೈದ್ಯನ ಮೇಲೆ ಆಕರ್ಷಣೆ ಇದೆ ಎಂದುಕೊಂಡೇ ತಾವು ನಟಿಸಿದ್ದಾಗಿ ಆಮೇಲೆ ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿದರು. 2000ನೇ ಇಸವಿಯಲ್ಲಿ ಅವರೇ ಗ್ಯಾರಕ್‌ನ ಬಗ್ಗೆ ಒಂದು ಕಾದಂಬರಿ ಬರೆದರು. ಅದು ಬಶೀರ್‌ಗೆ ಬರೆದ ಒಂದು ಉದ್ದನೆಯ ಪತ್ರದ ರೂಪದಲ್ಲಿದೆ. ಪ್ರೇಕ್ಷಕರು ಕಂಡದ್ದು ಭ್ರಮೆಯಾಗಿರಲಿಲ್ಲ. ಆದರೆ ನಟ ಒಪ್ಪಿಕೊಳ್ಳದೇ ಇದ್ದಿದ್ದರೂ ಅವರು ಕಂಡದ್ದು ಸುಳ್ಳಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಇಂಥ ಓದು ಸಣ್ಣ ಪಾತ್ರಗಳ ಸುತ್ತಲೇ ಬೆಳೆಯುವುದಕ್ಕೆ ಕಾರಣವಿದೆ. ಮುಖ್ಯ ಪಾತ್ರದ ಮದುವೆ, ಮಕ್ಕಳು, ಮನೆ, ಎಲ್ಲವನ್ನೂ ಕಥೆ ಮೊದಲೇ ನಿಗದಿ ಮಾಡಿಟ್ಟಿರುತ್ತದೆ. ಸಣ್ಣ ಪಾತ್ರದ ಬದುಕಿನ ಹೆಚ್ಚಿನ ಭಾಗ ತೆರೆಯ ಹೊರಗಿದೆ. ಅವನು ರಾತ್ರಿ ಎಲ್ಲಿಗೆ ಹೋಗುತ್ತಾನೆ, ಯಾರನ್ನು ನೆನೆಯುತ್ತಾನೆ, ಯಾರೂ ಹೇಳುವುದಿಲ್ಲ. ನಮ್ಮಂಥವರ ಬದುಕಿನ ಹೆಚ್ಚಿನ ಭಾಗವೂ ಎಷ್ಟೋ ಕಾಲ ತೆರೆಯ ಹೊರಗೇ ಇತ್ತು. ನನ್ನ ಎಷ್ಟೋ ಸೋದರಸಂಬಂಧಿಗಳ ಮದುವೆಯ ವಿಡಿಯೋಗಳಲ್ಲಿ ನಾನು ಮದುಮಗನನ್ನು ಬಿಟ್ಟು ಪಕ್ಕದಲ್ಲಿ ನಿಂತ ಬೋಜಕಾರನನ್ನೇ ನೋಡಿದ್ದೇನೆ: ಮದುಮಗನ ಬೆವರು ಒರೆಸುವವನು, ಸೊಂಟದ ಪೀಚೆಕತ್ತಿ ಸರಿಮಾಡುವವನು, ಕ್ಯಾಮೆರಾ ಮುಂದೆ ಹೋದಾಗ ಅರ್ಧಕ್ಕೆ ಕತ್ತರಿಸಿಹೋಗುವವನು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ನಿರಾಕರಿಸಿತಲ್ಲ, ಆ ಸಂಜೆ ನನಗೆ ಈ ವಿಡಿಯೋಗಳೇ ನೆನಪಾದವು.

ಹಾಗೆಂದು ಕಂಡದ್ದನ್ನೆಲ್ಲ ನಮ್ಮದೆನ್ನುವುದು ನನಗೆ ಒಪ್ಪಿಗೆಯಿಲ್ಲ. ಗೋಣಿಕೊಪ್ಪದ ಹತ್ತಿರ ದೇವರಪುರದಲ್ಲಿ ಮೇ ತಿಂಗಳ ಕೊನೆಗೆ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ಹೆಣ್ಣು ವೇಷ ತೊಟ್ಟು, ತಮ್ಮನ್ನು ಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾ ಕುಣಿಯುತ್ತಾರೆ. ಬೆಂಗಳೂರಿನ ಗೆಳೆಯರು ಅದರ ಫೋಟೋ ನೋಡಿ, ಇದು ಕೊಡಗಿನ ಕ್ವಿಯರ್ ಪರಂಪರೆ ಎಂದು ನನ್ನಿಂದ ಹೇಳಿಸಲು ನೋಡುತ್ತಾರೆ. ನಾನು ಹೇಳುವುದಿಲ್ಲ. ಅದು ವರ್ಷವಿಡೀ ಬೇರೆಯವರ ತೋಟದಲ್ಲಿ ದುಡಿಯುವ ಜನ ತಮ್ಮ ದೇವರ ಮೇಲೆ ಹೊರಿಸುವ ದೂರು. ಸೀರೆ ಉಟ್ಟ ಗಂಡಸು ಕಂಡನೆಂದು ಆ ದೂರನ್ನು ನಾನು ಕಸಿದುಕೊಳ್ಳಬಾರದು. ಸ್ವಾಮಿಯ ವಿಷಯ ಬೇರೆ. ಅವನು ನನ್ನ ಭಾಷೆಯ ಸೀಮೆಯ, ನನ್ನಂಥದೇ ಮಳೆಯೂರಿನಲ್ಲಿ ಚಿತ್ರಿತನಾದ, ನನ್ನ ವಯಸ್ಸಿನ ಮಕ್ಕಳಿಗೆಂದೇ ತೆರೆಗೆ ಬಂದ ಹುಡುಗ. ಅವನ ಮೇಲೆ ನನಗೆ ಹಕ್ಕಿದೆ.

ಕನ್ನಡದಲ್ಲಿ ಬಾಯಿಬಿಟ್ಟು ಹೇಳುವ ಕಥೆಗಳು ಆಮೇಲೆ ಬಂದವು. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಕಲಮನ್ನು ಎತ್ತಿಹಿಡಿದು ನಮ್ಮನ್ನು ಮತ್ತೆ ಅಪರಾಧಿಗಳನ್ನಾಗಿ ಮಾಡಿತು. ಆ ಪುಸ್ತಕ ಓದುವಾಗ ನನಗೆ ಊಹಿಸುವ ಕೆಲಸವೇ ಇರಲಿಲ್ಲ, ಎಲ್ಲವೂ ಪುಟದ ಮೇಲಿತ್ತು. ಆ ನಿರಾಳ ಎಂಥದೆಂದು ಹೇಳಲಾರೆ. 2018ರ ಸೆಪ್ಟೆಂಬರ್ 6ರಂದು ಆ ಕಲಮಿನ ಹಿಡಿತ ತಪ್ಪಿದಾಗ ದೆಹಲಿ ಬೆಂಗಳೂರುಗಳಲ್ಲಿ ಜನ ಬೀದಿಯಲ್ಲಿ ಕುಣಿದರು. ಕೊಡಗಿನಲ್ಲಿ ಯಾರಿಗೂ ಅದರ ಕಡೆ ನೋಡಲು ಪುರುಸೊತ್ತಿರಲಿಲ್ಲ. ಬೆಟ್ಟ ಜರಿದು ಮೂರು ವಾರವಾಗಿತ್ತಷ್ಟೆ. ಮಕ್ಕಂದೂರು, ಜೋಡುಪಾಲದ ಕಡೆಯ ಜನ ಮನೆ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿದ್ದರು. ನಾನು ಅಂದು ಅಕ್ಕಿ ಮೂಟೆ ಇಳಿಸುತ್ತಾ ಮೊಬೈಲಿನಲ್ಲಿ ಸುದ್ದಿ ಓದಿದೆ. ಸಂತೋಷಪಡುವುದಕ್ಕೂ ಸಂಕೋಚವಾಗುವಂಥ ಹೊತ್ತು ಅದು.

ಇಷ್ಟೆಲ್ಲ ಆದಮೇಲೂ ನಾನು ಹೋಗಿ ನಿಲ್ಲುವುದು ಸ್ವಾಮಿಯ ಬಳಿಗೇ, ಅದರಲ್ಲೂ ಕೊನೆಯ ರೈಲ್ವೆ ನಿಲ್ದಾಣದ ಬಳಿಗೆ. ಕೊಡಗಿಗೆ ರೈಲು ಇಲ್ಲ. ನಮ್ಮ ಅಗಲಿಕೆಗಳು ಬಸ್‌ ಸ್ಟ್ಯಾಂಡಿನಲ್ಲಿ ಆಗುವಂಥವು: ಬಸ್ಸು ರಿವರ್ಸ್ ತೆಗೆಯುತ್ತದೆ, ಕಂಡಕ್ಟರ್ ಸೀಟಿ ಊದುತ್ತಾನೆ, ತಿರುವು ದಾಟಿದರೆ ಮುಗಿಯಿತು. ಉದ್ದನೆಯ ಪ್ಲಾಟ್‌ಫಾರಂ ಮೇಲೆ ಒಬ್ಬರ ಹಿಂದೆ ಓಡಬಹುದು ಎಂಬುದನ್ನು ನಾನು ಕಲಿತದ್ದು ಟೀವಿಯಿಂದ. ಧಾರಾವಾಹಿಯ ಮಾಲ್ಗುಡಿ ನಿಲ್ದಾಣ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಆಗ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ ಅದರ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಅಲ್ಲಿಗೆ ಹೋದ ಹೆಚ್ಚಿನವರು ಸ್ವಾಮಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹಳಿಯ ಕಡೆ ಹೋಗಿ ನಿಂತೆ.

ಕಾದಂಬರಿಯ ಆ ದೃಶ್ಯ ಹೀಗಿದೆ. ಸ್ವಾಮಿ ಕ್ರಿಕೆಟ್ ಪಂದ್ಯಕ್ಕೆ ಬಾರದೆ ಕೈಕೊಟ್ಟಿದ್ದಾನೆ, ರಾಜಮ್ ಮಾತು ಬಿಟ್ಟಿದ್ದಾನೆ. ಊರು ಬಿಟ್ಟು ಹೋಗುತ್ತಿದ್ದಾನೆಂದು ತಿಳಿದು ಸ್ವಾಮಿ ಒಂದು ಪುಸ್ತಕ ಹಿಡಿದು ಬೆಳಗ್ಗೆ ಬೆಳಗ್ಗೆಯೇ ಓಡಿಬರುತ್ತಾನೆ. ಮಾತಾಡಲು ಬಾಯಿ ಬರುವುದಿಲ್ಲ. ರೈಲು ಹೊರಟಾಗ ಪುಸ್ತಕ ಕಿಟಕಿಯೊಳಗೆ ಹೋಗುತ್ತದೆ, ರಾಜಮ್ ಏನೋ ಹೇಳುತ್ತಾನೆ, ಸದ್ದಿನಲ್ಲಿ ಅದು ಕೇಳುವುದಿಲ್ಲ. ಕ್ಷಮಿಸಿದನೋ ಇಲ್ಲವೋ, ಪತ್ರ ಬರೆಯುತ್ತಾನೋ ಇಲ್ಲವೋ, ಸ್ವಾಮಿ ಪಕ್ಕದಲ್ಲಿದ್ದ ಗೆಳೆಯ ಮಣಿಯನ್ನು ಕೇಳುತ್ತಾನೆ. ಬರೆಯುತ್ತಾನೆ ಎನ್ನುತ್ತಾನೆ ಮಣಿ.

ಅಣ್ಣನಿಗೆ ನಾನು ಕೊನೆಗೆ ಹೇಳಿದ್ದು ಈ ಮಣಿಯ ವಿಷಯವನ್ನು. ಇಷ್ಟು ವರ್ಷ ನಾನೂ ಹೊರಟುಹೋಗುವವನ ಕಡೆಗೇ ಕಣ್ಣಿಟ್ಟವನು. ವಯಸ್ಸಾದಂತೆ ಉಳಿದವನು ಕಾಣತೊಡಗಿದ್ದಾನೆ. ದೊಣ್ಣೆ ಹಿಡಿದು ಊರನ್ನು ಹೆದರಿಸುವ ಒರಟ, ಯಾರ ಕಣ್ಣಿಗೂ ಕೋಮಲನಾಗಿ ಕಾಣದವನು. ಸ್ವಾಮಿಯ ಸಂಕಟ ಅವನಿಗೆ ಪೂರ್ತಿ ಗೊತ್ತು, ಅದಕ್ಕೆ ಹೆಸರಿಡುವುದಿಲ್ಲ, ಗೇಲಿ ಮಾಡುವುದಿಲ್ಲ, ಆ ಹೊತ್ತಿಗೆ ಬೇಕಾದ ಉತ್ತರ ಕೊಡುತ್ತಾನೆ. ‘ಅದು ಸುಳ್ಳಿರಬೇಕು’ ಎಂದ ಅಣ್ಣ. ಇರಬಹುದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಡಿಯಲ್ಲಿದ್ದಾಗ ತಾನೂ ಒಬ್ಬ ಸಿಪಾಯಿಗೆ, ಅವನ ಜೊತೆಗಾರನ ಕಾಗದ ಬಂದೇ ಬರುತ್ತದೆ ಎಂದು ಹೀಗೆಯೇ ಹೇಳಿದ್ದನ್ನು ಹೇಳತೊಡಗಿದ. ಆ ಇಬ್ಬರ ಹೆಸರನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಂದಿನ ವಾರ ಸ್ವಾಮಿಯ ಕಂತುಗಳನ್ನು ಒಟ್ಟಿಗೆ ಕೂತು ಮೊದಲಿಂದ ನೋಡೋಣ ಎಂದ, ಈ ಸಲ ಹಿಂದಿಗೆ ತಾನು ಅರ್ಥ ಹೇಳುತ್ತೇನೆ ಎಂದ.