ಹೊರಗಿನ ಗೆರೆ, ಒಳಗಿನ ನೆಲೆ

ಒಳಗಿರುವುದನ್ನು ಹೊರಗಿನಿಂದಲೇ ಅರಿಯುವುದು ಮನುಷ್ಯನ ಬಹು ಹಳೆಯ ವಿದ್ಯೆ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ, ಬಿರುಕಿದೆಯೋ ಇಲ್ಲವೋ ಎಂಬುದನ್ನು ನಾದದಿಂದಲೇ ತಿಳಿಯುತ್ತಾಳೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವನವರಿಗೂ ಈ ವಿದ್ಯೆ ಸಿದ್ಧಿಸಿತ್ತು. 1941ರಲ್ಲಿ ಸ್ಥಾಪಿತವಾಗಿ, ಈಗ ಮುಚ್ಚಿಹೋಗಿರುವ ಆ ಕಾರ್ಖಾನೆ ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಯಂತ್ರದಲ್ಲಿ ಅಪಸ್ವರ ಕೇಳಿಸಿದರೆ ಮಾವ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ನಾಲ್ಕಾರು ಕಡೆ ಆಲಿಸಿ, "ಕೆಟ್ಟಿರುವುದು ಈ ಬೇರಿಂಗು" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರ ಎದೆಯೇ ತಾಳ ತಪ್ಪಿತು. ಮೂರು ನಾಲ್ಕು ಬಡಿತಗಳಿಗೊಮ್ಮೆ ಅಕಾಲದ ಬಡಿತವೊಂದು ನಡುವೆ ನುಗ್ಗುತ್ತಿತ್ತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ವಿದ್ಯುದ್ವಾರಗಳನ್ನು ಜೋಡಿಸಿ ಇ.ಸಿ.ಜಿ. ತೆಗೆದರು. ಕಾಗದದ ಮೇಲಿನ ಗೆರೆಗಳನ್ನು ನೋಡಿ ಮಾವ ಕೇಳಿದರು: "ಎಲ್ಲಿ ಕೆಟ್ಟಿದೆ, ಡಾಕ್ಟ್ರೇ?"

"ಹೃದಯದ ಮೇಲ್ಭಾಗದಲ್ಲಿ, ಯಜಮಾನರೇ. ಬಲಗಡೆಯದೆಂದು ತೋರುತ್ತದೆ. ಆದರೆ ಎಡಬಲದ ಕೋಣೆಗಳಿಂದ ಹೊರಡುವ ಎರಡು ರಕ್ತನಾಳಗಳ ಬುಡ ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದೆ. ಇದೊಂದೇ ಕಾಗದವನ್ನು ನಂಬಿ ಹೇಳಲಾರೆ."

"ಲೇಥ್ ಆಗಿದ್ದರೆ ಬಿಚ್ಚಿ ನೋಡಬಹುದಿತ್ತು" ಎಂದು ಮಾವ ನಕ್ಕರು.

ವೈದ್ಯರ ಆ ಸಂಶಯಕ್ಕೆ ಕಾರಣವಿದೆ. ಪ್ರತಿ ಬಡಿತಕ್ಕೂ ಮುನ್ನ ಹೃದಯದ ಸ್ನಾಯುಗಳಲ್ಲಿ ವಿದ್ಯುತ್ತಿನ ಅಲೆಯೊಂದು ಹರಡುತ್ತದೆ. 1887ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಅದನ್ನು ಮೊದಲ ಬಾರಿಗೆ ಮನುಷ್ಯನ ಮೈಮೇಲಿಂದ ದಾಖಲಿಸಿದನು. ಅದನ್ನು ನಿಖರವಾಗಿ ಬರೆಯುವ ಉಪಕರಣವನ್ನು ನಿರ್ಮಿಸಿದ ಐಂತೋವನ್‌ನಿಗೆ 1924ರ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಜರ್ಮನಿಯ ಹಾನ್ಸ್ ಬರ್ಗರ್ ಮಿದುಳಿನ ವಿದ್ಯುತ್ತನ್ನೂ ದಾಖಲಿಸಿದನು. ಆದರೆ ಚರ್ಮವನ್ನು ಮುಟ್ಟುವ ಹೊತ್ತಿಗೆ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟಿನಷ್ಟು ಮಾತ್ರ. ಮಿದುಳಿನದು ಅದಕ್ಕಿಂತ ಹತ್ತಾರು ಪಟ್ಟು ಕ್ಷೀಣ. ಉಸಿರಾಟ, ಸ್ನಾಯುಗಳ ನಡುಕ, ಗೋಡೆಯ ತಂತಿಯಲ್ಲಿ ಸೆಕೆಂಡಿಗೆ 50 ಬಾರಿ ಆವರ್ತಿಸುವ ವಿದ್ಯುತ್ತು, ಇವೆಲ್ಲವೂ ಅದರೊಡನೆ ಬೆರೆಯುತ್ತವೆ.

ಈ ಗದ್ದಲವನ್ನು ತಗ್ಗಿಸಲು ಉಪಾಯವುಂಟು. ದುಗ್ಗಮ್ಮನ ಜಾತ್ರೆಯಲ್ಲಿ ತಾಯಿ ಮಗುವಿನ ಹೆಸರನ್ನು ಮತ್ತೆ ಮತ್ತೆ ಕೂಗುತ್ತಾಳೆ. ಸುತ್ತಲಿನ ಸದ್ದು ಪ್ರತಿ ಸಲವೂ ಬೇರೆ. ಹೆಸರು ಮಾತ್ರ ಅದೇ. ಹಾಗೆಯೇ ಒಂದೇ ಬಗೆಯ ನೂರು ಬಡಿತಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ, ಗೊತ್ತುಗುರಿಯಿಲ್ಲದ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸಂಕೇತ ಹಾಗೆಯೇ ಉಳಿಯುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಹರಿಹರದ ದಂಡೆಯಲ್ಲಿ ನಿಂತು ತುಂಬಿದ ಹೊಳೆಯನ್ನು ನೋಡಿರಿ. ತುಂಗೆ ಮತ್ತು ಭದ್ರೆ ಮೇಲೆ ಕೂಡಲಿಯಲ್ಲೇ ಒಂದಾಗಿವೆ. ಈ ನೀರಿನಲ್ಲಿ ಯಾವ ನದಿಯ ಪಾಲು ಎಷ್ಟೆಂದು ಮಟ್ಟವನ್ನಷ್ಟೇ ಅಳೆದು ಹೇಳಬಲ್ಲಿರಾ? ತುಂಗೆ ಹೆಚ್ಚು ತಂದಿದ್ದರೂ, ಭದ್ರೆ ಹೆಚ್ಚು ತಂದಿದ್ದರೂ ಇಲ್ಲಿಯ ಮಟ್ಟ ಒಂದೇ ಆಗಿರಬಹುದು. ದೇಹದ ವಿದ್ಯುತ್ತಿನ ವಿಷಯವೂ ಹೀಗೆಯೇ. ಹೊರಗಿನ ಒಂದೇ ಅಳತೆಗೆ ಒಳಗಿನ ಹಲವು ಮೂಲಗಳು ಸಮನಾಗಿ ಹೊಂದಬಲ್ಲವೆಂದು ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1853ರಲ್ಲಿಯೇ ತೋರಿಸಿದನು. ಗದ್ದಲವೆಲ್ಲ ಅಡಗಿದರೂ ಈ ತೊಡಕು ಅಳಿಯುವುದಿಲ್ಲ.

ಹಾಗಾದರೆ ಗತಿಯೇನು? ಲಕ್ಕವಳ್ಳಿಯಲ್ಲಿ ಭದ್ರೆಯ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ತಿಳಿದರೆ ಹೊಳೆಯ ಲೆಕ್ಕ ಬಿಡಿಸಬಹುದು. ಅಂತೆಯೇ ವಿಜ್ಞಾನಿಗಳು ವಿದ್ಯುದ್ವಾರಗಳ ಸಂಖ್ಯೆಯನ್ನು ಹೆಚ್ಚಿಸುತ್ತಾರೆ. ರೋಗಿಯ ಎದೆಯ ಅಥವಾ ತಲೆಯ ಆಕಾರವನ್ನು ಸ್ಕ್ಯಾನಿನಿಂದ ಪಡೆಯುತ್ತಾರೆ. ಅಂಗದ ಸಹಜ ಸ್ವಭಾವಕ್ಕೆ ಒಪ್ಪದ ಉತ್ತರಗಳನ್ನು ತಳ್ಳಿಹಾಕುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಔಷಧಕ್ಕೆ ಬಗ್ಗದ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ಇಂಥದೇ ಎಚ್ಚರ ವಹಿಸುತ್ತಾರೆ. ತಲೆಬುರುಡೆ ವಿದ್ಯುತ್ತನ್ನು ಸುಲಭವಾಗಿ ಹಾಯಗೊಡದೆ ಚಿತ್ರವನ್ನು ಮಸುಕಾಗಿಸುತ್ತದೆ. ಆದುದರಿಂದ ಇ.ಇ.ಜಿ., ಸ್ಕ್ಯಾನ್, ಮೂರ್ಛೆಯ ವೇಳೆಯ ವಿಡಿಯೋ, ಇವುಗಳ ಸಾಕ್ಷ್ಯವನ್ನು ಕೂಡಿಸಿ ನೋಡುತ್ತಾರೆ. ನೆಲೆ ತಪ್ಪಿದರೆ ಮಾತನ್ನೋ ನೆನಪನ್ನೋ ಕಾಯುವ ಭಾಗಕ್ಕೆ ಕತ್ತಿ ತಗಲೀತು!

ಮಾವನ ಚಿಕಿತ್ಸೆ ಬೆಂಗಳೂರಿನಲ್ಲಾಯಿತು. ತೊಡೆಯ ರಕ್ತನಾಳದ ಮೂಲಕ ಸಪೂರವಾದ ತಂತಿಯನ್ನು ಹೃದಯಕ್ಕೇರಿಸಿ, ಒಳಗಿನಿಂದಲೇ ಒಂದೊಂದು ಎಡೆಯನ್ನೂ ಆಲಿಸುತ್ತ ಹೋದರು. ಬಲಗಡೆ ಹುಡುಕಿದಾಗ ಸಿಗದ ಮೂಲ, ಗೋಡೆಯಾಚೆ, ಎಡಗಡೆಯಲ್ಲಿತ್ತು. ಅಲ್ಲಿ ಕಾಳಿನಷ್ಟು ಜಾಗವನ್ನು ಶಾಖದಿಂದ ಸುಟ್ಟೊಡನೆ ತಾಳ ನೆಟ್ಟಗಾಯಿತು. ದಾವಣಗೆರೆಯ ವೈದ್ಯರ ಸಂಶಯವನ್ನು ಚೀಟಿಯಲ್ಲಿ ಓದಿದ್ದುದರಿಂದ ಅಲ್ಲಿಯವರು ಎರಡೂ ಕಡೆ ಹುಡುಕಲು ಸಿದ್ಧರಾಗಿಯೇ ಇದ್ದರು.

ಹೊರಗಿನ ಕುರುಹಿನಿಂದ ಒಳಗನ್ನು ಅರಿಯಹೊರಟವನಿಗೆ ಗದ್ದಲ ತಗ್ಗುವವರೆಗೆ ಆಲಿಸುವ ತಾಳ್ಮೆ ಬೇಕು. ತನಗೆ ಹೊಳೆದ ಉತ್ತರದ ಪಕ್ಕದಲ್ಲಿ ಇನ್ನೊಂದು ಉತ್ತರವೂ ಇರಬಹುದೆಂದು ಒಪ್ಪುವ ವಿನಯವೂ ಬೇಕು. ಯಂತ್ರಗಳು ಎಷ್ಟೇ ಸೂಕ್ಷ್ಮವಾದರೂ ಈ ಗುಣಗಳನ್ನು ಅವುಗಳನ್ನು ಬಳಸುವವರೇ ತರಬೇಕಾಗುತ್ತದೆ.